ಬಿಚ್ಚದ ತಂತಿ, ಬಿಡದ ಪ್ರಶ್ನೆ



ಶಾಲೆಯ ಸೌರಫಲಕಗಳನ್ನು ಪರೀಕ್ಷಿಸಲು ಬಂದವರು ತಂತಿಯನ್ನು ಕ್ಲ್ಯಾಂಪ್ ಮೀಟರಿನ ಬಾಯೊಳಗೆ ಹಿಡಿದು ಪ್ರವಾಹವನ್ನು ಅಳೆದರು. “ತಂತಿ ಬಿಚ್ಚದೆ ಒಳಗಿನದು ಹೇಗೆ ತಿಳಿಯಿತು, ಟೀಚರ್?” ಎಂದು ಎಂಟನೆಯ ತರಗತಿಯ ಬಾಲಕಿಯೊಬ್ಬಳು ಕೇಳಿದಳು. ಅದು ಪಾಠದಲ್ಲಿಲ್ಲವೆಂದು ನಾನು ಮಾತು ಮುಗಿಸಿದೆ. ಆ ತಪ್ಪನ್ನು ಇಂದು ತಿದ್ದಿಕೊಳ್ಳುತ್ತೇನೆ.

ಪ್ರವಾಹವಿರುವ ತಂತಿಯ ಸುತ್ತ ಕಾಂತಕ್ಷೇತ್ರ ಇರುತ್ತದೆಂದು 1820ರಲ್ಲಿ ಅರ್ಸ್ಟೆಡ್ ತೋರಿಸಿದರು. ಅಂತಹ ತಂತಿಯನ್ನು ಕಾಂತದ ಬಳಿ ಇಟ್ಟರೆ ಬಲವು ತಂತಿಗೆ ತಾಗುತ್ತದೆ, ಪ್ರವಾಹಕ್ಕಲ್ಲ ಎಂದು ಮ್ಯಾಕ್ಸ್‌ವೆಲ್ಲರ ಗ್ರಂಥದಲ್ಲಿತ್ತು. ಅಮೆರಿಕದ ವಿದ್ಯಾರ್ಥಿ ಎಡ್ವಿನ್ ಹಾಲ್ ಅದನ್ನು ಒಪ್ಪದೆ ಗುರು ರೋಲೆಂಡರನ್ನು ಕೇಳಿದರು. ತಮಗೂ ಸಂಶಯವಿದೆಯೆಂದು ಗುರುಗಳು ಒಪ್ಪಿಕೊಂಡರು. 1879ರಲ್ಲಿ, ಕಾಂತಕ್ಷೇತ್ರದಲ್ಲಿಟ್ಟ ಚಿನ್ನದ ತೆಳುಹಾಳೆಯಲ್ಲಿ ಪ್ರವಾಹಕ್ಕೆ ಅಡ್ಡಲಾಗಿ ಕಿರುವೋಲ್ಟೇಜು ಮೂಡಿತು. ಎಲೆಕ್ಟ್ರಾನನ್ನು ಥಾಮ್ಸನ್ ಗುರುತಿಸಲು ಇನ್ನೂ 18 ವರ್ಷಗಳಿದ್ದವು!

ಕಾಂತಕ್ಷೇತ್ರ ಹೆಚ್ಚಿದಂತೆ ಆ ವೋಲ್ಟೇಜೂ ಹೆಚ್ಚುತ್ತದೆ. ನೇರ ಪ್ರವಾಹವನ್ನು ಅಳೆಯುವ ಕ್ಲ್ಯಾಂಪ್ ಮೀಟರುಗಳಲ್ಲಿ ಚಿನ್ನದ ಬದಲು ಅರೆವಾಹಕದ ಚೂರೊಂದು ಸಾಮಾನ್ಯವಾಗಿ ಇದೇ ಕೆಲಸ ಮಾಡುತ್ತದೆ.

ಮಗೂ, ನಿನ್ನ ಪ್ರಶ್ನೆಗೆ ಇದು ಉತ್ತರ, ತಡವಾಯಿತು, ಕ್ಷಮಿಸು. ನೂರು ವರ್ಷ ಈ ಶಾಲೆ ಕನ್ನಡದಲ್ಲಿ ಪಾಠ ಹೇಳಿದೆ. ಮುಂದೆಯೂ ಮಕ್ಕಳು ಇಲ್ಲಿ ಅಳುಕದೆ, ತಾಯಿಮಾತಿನಲ್ಲಿಯೇ, ಪುಸ್ತಕವನ್ನೂ ಪ್ರಶ್ನಿಸುವಂತಾಗಲಿ.