ಈಜುಕೊಳಕ್ಕೆ ನೆರಳು



ದಾವಣಗೆರೆ ಹರಿಹರಗಳ ಕಡೆಯವರಿಗೆ ಕೊಂಡಜ್ಜಿಯ ಪರಿಚಯ ಹೇಳಬೇಕಾದುದಿಲ್ಲ. ಗುಡ್ಡಗಳ ಮಗ್ಗುಲಲ್ಲಿ ಕೆರೆ, ಅದರ ಆಚೆಗೆ ಕಾಡು, ಸ್ಕೌಟು ಬಾಲಕರ ಶಿಬಿರ. ಬೇಸಗೆಯಲ್ಲಿ ಅಲ್ಲಿಗೆ ಹೋದವರು ಮೊದಲು ಅರಸುವುದು ನೀರನ್ನಲ್ಲ, ಮರವನ್ನು. ಪಟ್ಟಣದ ಈಜುಕೊಳಗಳನ್ನು ಕಟ್ಟುವಾಗ ಮಾತ್ರ ಈ ಸಹಜವಾದ ವಿವೇಕವನ್ನು ನಾವು ಅನೇಕ ವೇಳೆ ಮರೆತುಬಿಡುತ್ತೇವೆ.

ಸುತ್ತಲೂ ಎತ್ತರದ ಗೋಡೆಯಿದೆಯಲ್ಲ, ನೆರಳು ಬೀಳದೆ ಎಂದು ಕೆಲವರು ಕೇಳಬಹುದು. ನಮ್ಮ ಈ ಸೀಮೆಯು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 14½ ಡಿಗ್ರಿಗಳಲ್ಲಿದೆ. ಏಪ್ರಿಲ್ ಕೊನೆಯಲ್ಲೊಮ್ಮೆ, ಆಗಸ್ಟ್ ನಡುವಿನಲ್ಲೊಮ್ಮೆ ಸೂರ್ಯನು ನೆಟ್ಟನೆ ನಮ್ಮ ನೆತ್ತಿಯ ಮೇಲೆ ಬರುತ್ತಾನೆ. ಆ ದಿನ ಹನ್ನೆರಡೂವರೆಯ ಸುಮಾರಿಗೆ ಗೋಡೆಯ ನೆರಳು ಗೋಡೆಯ ಬುಡದಲ್ಲಿಯೇ ಅಡಗುತ್ತದೆ. ಜೂನ್ 21ರಂದು ಕೂಡ ನಡುಹಗಲಲ್ಲಿ 10 ಅಡಿಯ ಗೋಡೆ ಕೊಡುವ ನೆರಳು ಒಂದೂವರೆ ಅಡಿಗಿಂತ ಹೆಚ್ಚೇನೂ ಅಲ್ಲ, ಅದೂ ದಕ್ಷಿಣಕ್ಕೆ! ಮಕ್ಕಳಿಗೆ ರಜವೂ ಈಜಿನ ಪಾಠವೂ ಬರುವುದು ಇದೇ ಏಪ್ರಿಲ್ ಮೇ ತಿಂಗಳುಗಳಲ್ಲಿ. ಆದುದರಿಂದ ನೆರಳು ಪಕ್ಕದಿಂದ ಬರಲಾರದು, ಮೇಲಿನಿಂದಲೇ ಬರಬೇಕು.

ಸಂತೆಬೆನ್ನೂರಿನ ಪುಷ್ಕರಿಣಿಯನ್ನು ನೋಡಿರಿ. 16ನೆಯ ಶತಮಾನದಲ್ಲಿ ಹನುಮಪ್ಪ ನಾಯಕನು ಕಟ್ಟಿಸಿದುದು. ನೀರಿನ ನಡುವೆ ವಸಂತಮಂಟಪ, ದಡದಲ್ಲಿ ಬೇರೆ ಮಂಟಪಗಳು. ಅವು ಶೋಭೆಗೆಂದೇ ಕಟ್ಟಿದವಾಗಿರಲಿ. ತಲೆಯ ಮೇಲೆ ಕಲ್ಲಿನ ಚಾವಣಿಯಂತೂ ಉಂಟು.

ನೀರಿನಲ್ಲಿ ಮುಳುಗಿದ್ದವನಿಗೆ ಬಿಸಿಲೇನು ಎಂಬ ಮಾತು ಮೋಸದ್ದು. ಚರ್ಮವನ್ನು ಸುಡುವುದು ಶಾಖವಲ್ಲ, ಕಣ್ಣಿಗೆ ಕಾಣದ ಅತಿನೇರಳೆ ಕಿರಣ. ಅರ್ಧ ಮೀಟರು ಆಳದ ನೀರಿನಲ್ಲಿಯೂ ಅದರ ಬಲ ಮೇಲಿನದರ ನೂರಕ್ಕೆ 40ರಷ್ಟು ಉಳಿದಿರುತ್ತದೆ. ತಣ್ಪಿನ ಸುಖದಲ್ಲಿ ಉರಿ ತಿಳಿಯದು. ರಾತ್ರಿ ಮಗು ಹೆಗಲನ್ನು ಮುಟ್ಟಗೊಡದಿರುವಾಗ ತಾಯಿಗೆ ತಿಳಿಯುತ್ತದೆ. ನಮ್ಮ ಕಪ್ಪು ಬಣ್ಣ ಸ್ವಲ್ಪ ರಕ್ಷೆ, ನಿಜ. ಆದರೆ ಕಣ್ಣಿಗೆ ಆ ರಕ್ಷೆಯಿಲ್ಲ. ತೆಳ್ಳನೆಯ ಹತ್ತಿಯ ಅಂಗಿ ನೆನೆದರೆ ಇನ್ನಷ್ಟು ಕಿರಣಗಳನ್ನು ಒಳಗೆ ಬಿಡುತ್ತದೆ. ಲೇಪನವನ್ನು ಬಳಸುವವರು ಎರಡು ಗಂಟೆಗೊಮ್ಮೆ, ನೀರಿನಿಂದ ಎದ್ದಾಗಲೆಲ್ಲ, ಮತ್ತೆ ಹಚ್ಚಿಕೊಳ್ಳಬೇಕು.

ಮರ ನೆಟ್ಟರೆ ಎಲೆ ಉದುರಿ ನೀರು ಕೆಡುತ್ತದೆಂಬ ಆಕ್ಷೇಪಕ್ಕೆ ಅರ್ಥವಿದೆ. ಹಾಗಾದರೆ ಮಕ್ಕಳು ಹೆಚ್ಚು ಹೊತ್ತು ನಿಲ್ಲುವ ಆಳವಿಲ್ಲದ ಕಡೆಗಾದರೂ ಅಗಲವಾದ ಚಪ್ಪರ ಬರಲಿ. ಅಲ್ಲಿಯವರೆಗೆ ಪಾಠವು ಬೆಳಿಗ್ಗೆ 9ಕ್ಕೆ ಮುಗಿಯಲಿ, ಇಲ್ಲವೆ ಸಂಜೆ 4ರ ಮೇಲೆ ಮೊದಲಾಗಲಿ. ಶುಲ್ಕ ಕಟ್ಟುವ ಮುನ್ನ ತಂದೆತಾಯಿಗಳು ಇವೆರಡನ್ನೂ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.