ಮುಪ್ಪಿನ ಕೈಗಳಿಗೆ ಕಾಯಕ

ಶಾಸ್ತ್ರವಿಷಯವೊಂದನ್ನು ನಾನು ವಿವರಿಸುವೆನೆಂದು ತಾವು ನಿರೀಕ್ಷಿಸಿರಬಹುದು. ಆದರೆ ಇಂದು ಬಿನ್ನವಿಸಬೇಕೆಂದಿರುವದು ಪಾಠಶಾಲೆಯಲ್ಲಿ ಕಲಿತದ್ದಲ್ಲ. ನಮ್ಮ ಮಠದ ವೃದ್ಧನಿಲಯದ ಪಡಸಾಲೆಯಲ್ಲಿ, ಏಳು ವರ್ಷಗಳಿಂದ ವಾರಕ್ಕೆ ಎರಡು ದಿನ ಹಿರಿಯರ ನಡುವೆ ಕುಳಿತು ಕಲಿತದ್ದು.

2011ನೆಯ ಇಸವಿಯ ಜನಗಣತಿಯಂತೆ ನಮ್ಮ ದೇಶದಲ್ಲಿ 60 ವರ್ಷ ತುಂಬಿದವರು 10 ಕೋಟಿಗೂ ಮಿಕ್ಕಿದ್ದರು. ಅಲ್ಲಿಂದೀಚೆಗೆ ಆ ಸಂಖ್ಯೆಯು ಬೆಳೆಯುತ್ತಲೇ ಬಂದಿರುವದು. ತಂದೆತಾಯಿಗಳ ಪೋಷಣೆಯು ಮಕ್ಕಳ ಹೊಣೆಯೆಂದು ವಿಧಿಸುವ ಕಾಯಿದೆಯು 2007ರಲ್ಲಿ ಆಯಿತು. ಅನ್ನ, ವಸ್ತ್ರ, ಔಷಧಗಳನ್ನು ಕಾಯಿದೆಯು ಕೊಡಿಸಬಲ್ಲದು. ಆದರೆ ತಾನು ಇನ್ನೂ ನಾಲ್ವರಿಗೆ ಬೇಕಾದವನೆಂಬ ನೆಮ್ಮದಿಯನ್ನು ಯಾವ ಕಾಯಿದೆಯು ಕೊಡಿಸೀತು?

ಹಿರಿಯರ ಹೊತ್ತು ಹಸನಾಗಿ ಕಳೆಯುವಂತೆ ಏನಾದರೂ ನಡೆಸಬೇಕೆಂದು ಪೂಜ್ಯರ ಅಪ್ಪಣೆಯಾದಾಗ, ನಾನು ನನಗೆ ಬಲ್ಲ ಕೆಲಸವನ್ನೇ ಹಿಡಿದೆನು, ಪ್ರವಚನವನ್ನು ಆರಂಭಿಸಿದೆನು. ಒಂದು ದಿನ ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಚರಿತ್ರೆಯನ್ನು ಹೇಳುತ್ತಿದ್ದೆನು. ಕಲ್ಯಾಣದ ಬೀದಿಯಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸಿದ ಆ ದಂಪತಿಗಳ ಮಹಿಮೆಯನ್ನು ಒಂದು ತಾಸು ವರ್ಣಿಸಿದೆನು. ಕೆಲವರು ತೂಕಡಿಸಿದರು, ಕೆಲವರು ಬಾಗಿಲ ಕಡೆ ನೋಡುತ್ತಿದ್ದರು. ಕೊನೆಗೆ ಎಂಬತ್ತು ದಾಟಿದ ತಾಯಿಯೊಬ್ಬರು, "ಶಾಸ್ತ್ರಿಗಳ, ಲಕ್ಕಮ್ಮ ತಾಯಿ ಅಕ್ಕಿ ಹಸನ ಮಾಡಿದ್ದು ಖರೇ ಅದ. ಆದರ ನಮ್ಮ ಕೈಯಾಗ ಅಕ್ಕಿ ಯಾರು ಕೊಡ್ತಾರ್ರೀ?" ಎಂದರು.

ನಾನು ನಿರುತ್ತರನಾದೆನು. ಆ ರಾತ್ರಿ ನಿದ್ರೆ ಬರಲಿಲ್ಲ. ಲಿಂಗೈಕ್ಯಳಾದ ನನ್ನ ತಾಯಿಯು ಕಣ್ಣ ಮುಂದೆ ನಿಂತಳು. ಅವಳ ಕಡೆಯ ಮೂರು ವರ್ಷ ನಾನು ಅನ್ನಕ್ಕೂ ಔಷಧಕ್ಕೂ ಕೊರತೆ ಮಾಡಿದವನಲ್ಲ. ಆದರೆ ಅವಳು ಮೊರ ಹಿಡಿಯ ಹೋದಾಗಲೆಲ್ಲ, "ಯವ್ವಾ, ನಿನಗ್ಯಾಕ ಈ ಕೆಲಸ? ಸುಮ್ಮನ ಕೂಡು" ಎಂದು ಕಸಿದುಕೊಳ್ಳುತ್ತಿದ್ದೆನು. ಅದು ಪ್ರೀತಿಯೆಂದೇ ತಿಳಿದಿದ್ದೆನು. ಸಭೆಸಭೆಗಳಲ್ಲಿ ಕಾಯಕತತ್ತ್ವವನ್ನು ಸಾರುತ್ತಿದ್ದ ನಾನೇ ನನ್ನ ಮನೆಯ ಲಕ್ಕಮ್ಮನ ಕೈಯಿಂದ ಅಕ್ಕಿಯನ್ನು ಕಸಿದಿದ್ದೆನು. ಅವಳು ಸುಮ್ಮನೆ ಕುಳಿತಳು, ಕುಳಿತಲ್ಲಿಯೇ ಕುಗ್ಗಿದಳು.

ಮುಂದಿನ ವಾರ ಗ್ರಂಥವನ್ನು ಬಿಟ್ಟು, ದಾಸೋಹಮನೆಯಿಂದ ಅಕ್ಕಿಯನ್ನೂ ಮೊರಗಳನ್ನೂ ತೆಗೆದುಕೊಂಡು ಹೋದೆನು. ಹತ್ತಿರ ಹತ್ತಿರ ಕುಳಿತರೆ ಕಿವಿ ಮಂದವಾದವರಿಗೂ ಮಾತು ಕೇಳುವದು, ಬೆಳಗಿನ ಬೆಳಕಿನಲ್ಲಿ ಕುಳಿತರೆ ಕಣ್ಣು ಮಬ್ಬಾದವರಿಗೂ ಕಾಳು ಕಾಣುವದು. ಬಗ್ಗಲಾರದವರಿಗೆ ಮೇಜು ಹಾಕಿದೆವು, ಕೈ ನಡುಗುವವರಿಗೆ ಅರಳೆಯ ಬತ್ತಿ ಹೊಸೆಯುವ ಕೆಲಸ ಕೊಟ್ಟೆವು. ಅರ್ಧ ತಾಸು ಕಳೆಯುವಷ್ಟರಲ್ಲಿ ಯಾರೂ ಹೇಳದೆಯೇ ಬೀಸುವ ಕಲ್ಲಿನ ಪದಗಳು ಎದ್ದವು. ನಿನ್ನೆಯ ಊಟವನ್ನು ಮರೆತವರೂ ತವರಿನ ಹಾಡನ್ನು ಮರೆತಿರಲಿಲ್ಲ.

ಆದರೂ ನಾನು ಮತ್ತೆ ಎಡವಿದೆನು. ಒಂದು ದಿನ ಹಸನು ಮಾಡುವ ಕಾಳು ಇಲ್ಲದಿರಲು, ತೊಗರಿ ಕಡಲೆಗಳನ್ನು ಬೇಕೆಂದೇ ಬೆರೆಸಿ ಮುಂದಿಟ್ಟೆನು. ಅದೇ ತಾಯಿಯು ಕಾಳನ್ನು ಬೆರಳಿನಿಂದ ಸರಿಸಿ ನೋಡಿ, "ನಮ್ಮನ್ನ ಸಣ್ಣ ಹುಡುಗರ್ನ ಮಾಡಬ್ಯಾಡ್ರಿ" ಎಂದರು. ಹೊತ್ತು ಕಳೆಯಲಿಕ್ಕೆ ಕೊಟ್ಟದ್ದು ಆಟವಾಗುವದೇ ಹೊರತು ಕಾಯಕವಾಗದು. ಅಂದಿನಿಂದ ಅವರು ಹಸನು ಮಾಡಿದ ಅಕ್ಕಿಯು ಆ ದಿನವೇ ದಾಸೋಹಕ್ಕೆ ಹೋಗುವಂತೆಯೂ, ಅವರು ಹೊಸೆದ ಬತ್ತಿಯು ಗದ್ದುಗೆಯ ದೀಪಕ್ಕೆ ಸಲ್ಲುವಂತೆಯೂ ಕಟ್ಟುಮಾಡಿದೆವು.

ಇಳಕಲ್ಲಿನ ಕಡೆಯ ನೇಕಾರ ಅಜ್ಜನವರೊಬ್ಬರು ನಿಲಯದಲ್ಲಿದ್ದರು. ಮರೆವಿನ ರೋಗದಿಂದ ಮಗನ ಹೆಸರನ್ನೂ ಮರೆತಿದ್ದರು. ಹಗಲೆಲ್ಲ ಹಾಸಿಗೆಯ ಅಂಚನ್ನು ಬೆರಳುಗಳಿಂದ ಎಳೆಯುತ್ತಿರಲು, ಎಲ್ಲರೂ ಅದನ್ನು ರೋಗದ ಲಕ್ಷಣವೆಂದರು. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕುಣಿಕೆ ಹಾಕಿ ಒಂದಕ್ಕೊಂದು ಕೂಡಿಸುವ ರೀತಿಯೊಂದುಂಟು. ಎರಡು ಬಣ್ಣದ ನೂಲನ್ನು ಕೈಗಿತ್ತಾಗ ಆ ಬೆರಳುಗಳು ತಾವಾಗಿಯೇ ಕುಣಿಕೆಗಳನ್ನು ಕಟ್ಟತೊಡಗಿದವು. ನಮ್ಮ ಪ್ರಸಾದನಿಲಯದ ಇಬ್ಬರು ವಿದ್ಯಾರ್ಥಿಗಳು ಬಳಿಯಲ್ಲಿ ಕುಳಿತು ಅದನ್ನು ಕಲಿತರು. ಅಜ್ಜನವರ ಮರೆವು ವಾಸಿಯಾಗಲಿಲ್ಲ. ಮಗನ ಹೆಸರು ಕಡೆಯವರೆಗೂ ನೆನಪಿಗೆ ಬರಲಿಲ್ಲ. ಆದರೆ ಹುಡುಗನ ಕೈ ತಪ್ಪಿದಾಗ ಅವನ ಬೆರಳನ್ನು ಹಿಡಿದು ತಿದ್ದುತ್ತಿದ್ದರು. ಆ ಗಳಿಗೆಯಲ್ಲಿ ಅವರು ರೋಗಿಯಲ್ಲ, ಗುರು.

ಶರಣಬಂಧುಗಳೇ, ವೃದ್ಧರ ಸೇವೆಯೆಂದರೆ ಅವರಿಗೆ ಕೊಡುವದೆಂದಷ್ಟೇ ನಾವು ಬಗೆದಿರುವೆವು. ಯಾವಾಗಲೂ ಪಡೆಯುವವನಾಗಿಯೇ ಕುಳಿತಿರುವದು ಮುಪ್ಪಿನ ಅತಿ ದೊಡ್ಡ ಬಡತನ. ಅವರ ಕೈಯಿಂದ ನಾವು ಪಡೆಯುವಂತಾಗುವದೇ ನಿಜವಾದ ಸೇವೆ. ದಣಿದವರಿಗೆ ವಿಶ್ರಾಂತಿ ಬೇಕು, ಒಲ್ಲದವರನ್ನು ಒತ್ತಾಯಿಸಲಾಗದು. ಆದರೆ ಕೇಳುವ ಮೊದಲೇ "ಸುಮ್ಮನೆ ಕುಳಿತಿರಿ" ಎನ್ನುವದು ತರವಲ್ಲ.

ಮೂವತ್ತು ವರ್ಷ ವೇದಿಕೆಗಳ ಮೇಲೆ ಮಾತಾಡಿ ಬಾರದ ತೃಪ್ತಿಯು ಆ ಪಡಸಾಲೆಯಲ್ಲಿ ನನಗೆ ಬಂದಿರುವದು. ತಾಯಿಯ ಋಣವು ಅದರಿಂದ ತೀರಿತೆಂದು ಹೇಳಲಾರೆನು, ಅದು ತೀರುವಂಥದ್ದಲ್ಲ. ತಮ್ಮ ಮನೆಗಳಲ್ಲಿ ಇನ್ನೂ ಹಿರಿಯರು ಇದ್ದರೆ, ಇಂದು ಮನೆಗೆ ಹೋದೊಡನೆ ಅವರಿಂದ ಏನಾದರೊಂದು ಸಹಾಯವನ್ನು ಕೇಳಿರಿ. ಇಷ್ಟೇ ನನ್ನ ಬಿನ್ನಹ. ಈಗ ಪ್ರಸಾದದ ಪಂಕ್ತಿಯಲ್ಲಿ ತಾವು ಸ್ವೀಕರಿಸಲಿರುವ ಅನ್ನದ ಅಕ್ಕಿಯು ಆ ಹಿರಿಯರ ಮೊರಗಳಿಂದ ಬಂದದ್ದು.