ಕರಾಚಿಯ ಆ ರಾತ್ರಿ



ಡಿಸೆಂಬರ್ 4 ನೌಕಾದಿನ. ಅದರ ಮೂಲ 1971ರ ಯುದ್ಧದಲ್ಲಿದೆಯೆಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತು. ಅಂದು ರಾತ್ರಿ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಪುಟ್ಟ ಕ್ಷಿಪಣಿ ದೋಣಿಗಳು ಕರಾಚಿಯ ಮೇಲೆ ಎರಗಿದವು. ಕಿಲ್ತಾನ್, ಕಚಾಲ್ ಹಡಗುಗಳು ಬೆಂಗಾವಲಿಗಿದ್ದವು. ದಂಡೆ ಕಾಯಲೆಂದು ರಷ್ಯದಲ್ಲಿ ಕಟ್ಟಿದ ದೋಣಿಗಳು ಅಷ್ಟು ದೂರ ಬಂದಾವೆಂದು ಎದುರಾಳಿಗಳು ಎಣಿಸಿರಲಿಲ್ಲ.

ಹೆಚ್ಚಾಗಿ ಯಾರೂ ಹೇಳದ ಸಂಗತಿಯೊಂದಿದೆ. ನಿರ್ಘಾತಿನ ಮೊದಲ ಕ್ಷಿಪಣಿ ಖೈಬರ್ ಎಂಬ ಪಾಕಿಸ್ತಾನಿ ಹಡಗಿಗೆ ಬಡಿಯಿತು. ಒಳಗಿದ್ದವರು ಅದನ್ನು ವಿಮಾನದ ದಾಳಿಯೆಂದೇ ತಿಳಿದು ಹಾಗೆಯೇ ಸಂದೇಶ ಕಳುಹಿಸಿದರು. ತಾವಿದ್ದ ಠಿಕಾಣಿಯನ್ನೂ ತಪ್ಪಾಗಿ ತಿಳಿಸಿದರು. ಎರಡನೆಯ ಕ್ಷಿಪಣಿಗೆ ಹಡಗು ಮುಳುಗಿತು. ನೀರಿನಲ್ಲಿ ತೇಲುತ್ತಿದ್ದವರನ್ನು ಹುಡುಕುವುದು ತಡವಾಯಿತು. ಮುಹಾಫಿಜ್ ಎಂಬ ಇನ್ನೊಂದು ಹಡಗಿಗಂತೂ ಸುದ್ದಿ ಕಳುಹಿಸಲೂ ಹೊತ್ತು ಸಿಗಲಿಲ್ಲ.

ದಿನವಿಡೀ ಅಂಕಿ, ವಿಳಾಸ ಬರೆಯುವವರು ನಾವು. ನಮ್ಮ ತಪ್ಪನ್ನು ಮರುದಿನ ಕೆಂಪು ಶಾಯಿಯಲ್ಲಿ ತಿದ್ದಬಹುದು. ಅವರಿಗೆ ಮರುದಿನವೇ ಇರಲಿಲ್ಲ.

ಐದು ದಿನಗಳ ಮೇಲೆ, ಡಿಸೆಂಬರ್ 9ರ ರಾತ್ರಿ, ದೀವ್ ಬಳಿ ನಮ್ಮ ಖುಕ್ರಿಯೂ ಜಲಾಂತರ್ಗಾಮಿಯ ಏಟಿಗೆ ಮುಳುಗಿತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರೂ ಸೇರಿ 18 ಅಧಿಕಾರಿಗಳು, 176 ನಾವಿಕರು ಹಡಗಿನೊಡನೆ ಹೋದರು.

ಊರು ಬಿಟ್ಟು ಬಂದ ನಮಗೆ ಮನೆಯ ಸುದ್ದಿ ಎರಡು ದಿನ ತಡವಾದರೆ ಎದೆ ಡವಗುಟ್ಟುತ್ತದೆ. ಎರಡೂ ದಂಡೆಗಳ ಎಷ್ಟೋ ಮನೆಗಳಿಗೆ ಆ ವರ್ಷ ಮಗನೂ ಬರಲಿಲ್ಲ, ಅವನ ಕಾಗದವೂ ಬರಲಿಲ್ಲ. ನೌಕಾದಿನದಂದು ಗೇಟ್‌ವೇ ಬಳಿ ನಿಂತು ಹಡಗುಗಳ ದೀಪ ನೋಡುವಾಗ ಅವರನ್ನೂ ಒಂದು ಗಳಿಗೆ ನೆನೆಯೋಣ.